ಬಿಟ್ಟುಹೋದವರನ್ನೂ ಲೆಕ್ಕಕ್ಕೆ ಹಿಡಿಯಿರಿ

ಓದುಗರ ಆರೋಗ್ಯ ಪ್ರಶ್ನೆಗಳಿಗೆ ಸಮುದಾಯ ವೈದ್ಯೆಯ ಉತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಬಡಾವಣೆಯ ಮಹಿಳಾ ಸಂಘದಿಂದ ಉದ್ಯಾನದಲ್ಲಿ ಹನ್ನೆರಡು ವಾರಗಳ ತೂಕ ಇಳಿಸುವ ಶಿಬಿರ ನಡೆಸಿದೆವು. ದೀಪಾವಳಿ ಮುಗಿದ ವಾರ ಶುರು ಮಾಡಿದ್ದು. ಬೆಳಿಗ್ಗೆ ಆರರಿಂದ ಏಳರವರೆಗೆ ನಡಿಗೆ ಮತ್ತು ಯೋಗ, ಭಾನುವಾರ ಊಟತಿಂಡಿಯ ಬಗ್ಗೆ ಮಾತು. ತಲಾ 500 ರೂಪಾಯಿ ಕೊಟ್ಟು 60 ಹೆಣ್ಣುಮಕ್ಕಳು ಸೇರಿದರು. ಸಮಾರೋಪದ ದಿನ 24 ಮಂದಿ ಇದ್ದರು. ಅವರ ತೂಕ ಸರಾಸರಿ 4.5 ಕೆ.ಜಿ. ಇಳಿದಿತ್ತು. ಅದನ್ನೇ ಬ್ಯಾನರಿನಲ್ಲಿ ಬರೆಸಿದೆವು. ಒಟ್ಟು ಖರ್ಚು 42,000 ರೂಪಾಯಿ. ಈಗ ಇನ್ನೊಮ್ಮೆ ನಡೆಸಲು ವಾರ್ಡಿನ ಸದಸ್ಯರು ಹಣ ಕೊಡಿಸಲು ಒಪ್ಪಿದ್ದಾರೆ. ಆದರೆ ಸಂಘದ ಹಿರಿಯರೊಬ್ಬರು "ಮೂವತ್ತಾರು ಜನ ನಡುವೆಯೇ ಬಿಟ್ಟರಲ್ಲ, ಇದನ್ನು ಗೆಲುವು ಎನ್ನುವುದು ಹೇಗೆ?" ಎಂದು ಕೇಳಿದರು. ಅಂದಿನಿಂದ ನನಗೆ ಸಮಾಧಾನವಿಲ್ಲ. ನಮ್ಮ ಪುಸ್ತಕದ ನಕಲನ್ನು ಕಳಿಸಿದ್ದೇನೆ. ನೋಡಿ ಹೇಳಿ.
— ಸಂಘದ ಕಾರ್ಯದರ್ಶಿ, ದಾವಣಗೆರೆ

ಉತ್ತರ: ನಿಮ್ಮ ಪುಸ್ತಕವನ್ನು ಸಾಲುಸಾಲಾಗಿ ಓದಿದೆ. ಪ್ರತಿಯೊಬ್ಬರ ವಯಸ್ಸು, ಕೆಲಸ, ಮನೆ ಇರುವ ಬೀದಿ, ವಾರವಾರದ ಹಾಜರಿ ಎಲ್ಲವನ್ನೂ ಬರೆದಿಟ್ಟಿದ್ದೀರಿ. ದೊಡ್ಡ ಅನುದಾನ ಪಡೆದು ನಡೆಸುವ ಶಿಬಿರಗಳಲ್ಲೂ ಇಷ್ಟು ಚೊಕ್ಕ ಬರವಣಿಗೆಯನ್ನು ನಾನು ಹೆಚ್ಚಾಗಿ ಕಂಡಿಲ್ಲ. ಈ ಪುಸ್ತಕ ಇರುವುದರಿಂದಲೇ ನಿಮ್ಮ ಹಿರಿಯರ ಪ್ರಶ್ನೆಗೆ ಉತ್ತರ ಹುಡುಕಲು ಸಾಧ್ಯವಾಗಿದೆ. ಅವರು ಕೇಳಿದ್ದು ಸರಿಯಾದ ಪ್ರಶ್ನೆ.

ಮೊದಲು ಲೆಕ್ಕ. 24 ಮಂದಿ ತಲಾ 4.5 ಕೆ.ಜಿ. ಎಂದರೆ ಒಟ್ಟು 108 ಕೆ.ಜಿ. ನೀವು ಅದನ್ನು 24ರಿಂದ ಭಾಗಿಸಿದ್ದೀರಿ. ಶಿಬಿರ ನಡೆದದ್ದು 60 ಮಂದಿಗಾಗಿ, ಆದ್ದರಿಂದ 60ರಿಂದಲೇ ಭಾಗಿಸಬೇಕು. ಆಗ ಬರುವುದು 1.8 ಕೆ.ಜಿ. ಬಿಟ್ಟುಹೋದವರ ತೂಕ ಮೊದಲ ದಿನ ಎಷ್ಟಿತ್ತೋ ಅಷ್ಟೇ ಉಳಿಯಿತು ಎಂದು ಹಿಡಿದು ಮಾಡುವ ಲೆಕ್ಕವಿದು. ಅವರಲ್ಲಿ ಕೆಲವರು ಮನೆಯಲ್ಲೇ ಮುಂದುವರಿಸಿ ಇಳಿದಿರಬಹುದು, ಕೆಲವರು ಏರಿರಲೂಬಹುದು. ನೋಡದೆ ಹೇಳಲಾಗುವುದಿಲ್ಲ. ತೂಕ ಇಳಿಸುವ ಕಾರ್ಯಕ್ರಮಗಳನ್ನು ಅಳೆಯುವವರು ಇಂಥ ಜಾಗದಲ್ಲಿ ಶಿಬಿರದ ಪರವಾಗಿ ಊಹಿಸುವುದಿಲ್ಲ. ಅದೇ ಎಚ್ಚರಿಕೆ ನಿಮಗೂ ಇರಲಿ.

ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದಾಗ ಲಸಿಕೆಯ ಲೆಕ್ಕವನ್ನೂ ಹೀಗೆಯೇ ನೋಡುತ್ತಿದ್ದೆವು. ಲಸಿಕೆಗೆ ಬಂದ ಮಕ್ಕಳನ್ನಷ್ಟೇ ಎಣಿಸಿದರೆ ಪ್ರತಿ ಹಳ್ಳಿಯೂ ನೂರಕ್ಕೆ ನೂರು. ಊರಿನಲ್ಲಿ ಹುಟ್ಟಿದ ಮಕ್ಕಳೆಷ್ಟು ಎಂಬುದನ್ನು ಕೆಳಗೆ ಬರೆದು ಭಾಗಿಸಿದಾಗ ಯಾವ ಕೇರಿಗೆ ನಾವು ಹೋಗಲೇ ಇಲ್ಲ ಎಂಬುದು ತಿಳಿಯುತ್ತಿತ್ತು.

ಇನ್ನು 1.8 ಕೆ.ಜಿ. ಒಳ್ಳೆಯದೋ ಕಡಿಮೆಯೋ? ಇದಕ್ಕೆ ಒಂದು ಅಳತೆಗೋಲು ಬೇಕು. ಚಿಕಿತ್ಸೆ, ಆರೋಗ್ಯ ಸೇವೆಗಳಿಗೆ ಮಾರ್ಗಸೂಚಿ ರೂಪಿಸುವ ಇಂಗ್ಲೆಂಡಿನ ನೈಸ್ ಸಂಸ್ಥೆ 2014ರಲ್ಲಿ ಇಂಥ ಕಾರ್ಯಕ್ರಮಗಳಿಗೆ ಮಾರ್ಗಸೂಚಿ ಕೊಟ್ಟಿತು. ಸೇರಿದವರಲ್ಲಿ ಕನಿಷ್ಠ ಶೇ 60 ಮಂದಿ ಪೂರ್ತಿ ಮುಗಿಸಬೇಕು, ಸರಾಸರಿ ಇಳಿಕೆ ಆರಂಭದ ತೂಕದ ಶೇ 3 ಆದರೂ ಇರಬೇಕು, ಕನಿಷ್ಠ ಶೇ 30 ಮಂದಿ ತಮ್ಮ ತೂಕದ ಶೇ 5 ಅಥವಾ ಹೆಚ್ಚು ಇಳಿಸಿರಬೇಕು. ನಿಮ್ಮ ಶಿಬಿರದಲ್ಲಿ ಮುಗಿಸಿದವರು ಶೇ 40. ಅರವತ್ತೂ ಜನರ ಆರಂಭದ ಸರಾಸರಿ 75 ಕೆ.ಜಿ. ಆದ್ದರಿಂದ 1.8 ಎಂದರೆ ಶೇ 2.4. ಶೇ 5ಕ್ಕಿಂತ ಹೆಚ್ಚು ಇಳಿದವರು ನಿಮ್ಮ ಪುಸ್ತಕದ ಪ್ರಕಾರ 14 ಮಂದಿ, ಅಂದರೆ ಅರವತ್ತರಲ್ಲಿ ಶೇ 23. ಮೂರು ಗೆರೆಗಳಲ್ಲಿ ಒಂದನ್ನೂ ಮುಟ್ಟಿಲ್ಲ. ಆದರೂ ಬಹಳ ದೂರವಿಲ್ಲ. ಸಂಬಳದ ಸಿಬ್ಬಂದಿ ಇಲ್ಲದೆ, ನೆರೆಹೊರೆಯ ಹೆಣ್ಣುಮಕ್ಕಳೇ ಸೇರಿ ಮೊದಲ ಸಲ ನಡೆಸಿದ ಶಿಬಿರಕ್ಕೆ ಇದು ಗೌರವದ ಅಂಕವೇ.

ಕೆ.ಜಿ. ಬಿಟ್ಟು ಶೇಕಡಾವಾರು ಹಿಡಿದದ್ದಕ್ಕೆ ಕಾರಣವಿದೆ. ನೂರು ಕೆ.ಜಿ. ಇದ್ದವರಿಗೆ ನಾಲ್ಕು ಕೆ.ಜಿ. ಇಳಿಯುವುದೂ ಅರವತ್ತು ಇದ್ದವರಿಗೆ ಅಷ್ಟೇ ಇಳಿಯುವುದೂ ಒಂದಲ್ಲ. ಜೊತೆಗೆ ಶೇ 5ರಷ್ಟು ಇಳಿದರೆ ಸಾಮಾನ್ಯವಾಗಿ ರಕ್ತದೊತ್ತಡ, ಸಕ್ಕರೆ, ಟ್ರೈಗ್ಲಿಸರೈಡ್ ಕೊಬ್ಬು ಇವು ತಗ್ಗತೊಡಗುತ್ತವೆ. ಅಷ್ಟಕ್ಕೇ ಆ ಗೆರೆ.

ಈಗ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟ ವಿಷಯಕ್ಕೆ ಬರುತ್ತೇನೆ. ಕೊನೆಯವರೆಗೆ ಉಳಿದ 24 ಮಂದಿಯ ಆರಂಭದ ಸರಾಸರಿ ತೂಕ 72 ಕೆ.ಜಿ. ಬಿಟ್ಟುಹೋದ 36 ಮಂದಿಯದು 77. ಯಾರಿಗೆ ಹೆಚ್ಚು ಅಗತ್ಯವಿತ್ತೋ ಅವರೇ ಹೆಚ್ಚಾಗಿ ಹೋಗಿದ್ದಾರೆ. ಅವರ ವಯಸ್ಸಿನ ಸಾಲು ನೋಡಿ: ಬಹುಪಾಲು ನಲವತ್ತರೊಳಗಿನವರು. ಕೆಲಸದ ಸಾಲು ನೋಡಿ: ಬಟ್ಟೆ ಅಂಗಡಿ, ಖಾಸಗಿ ಶಾಲೆ, ಹೊಲಿಗೆ, ಅಡುಗೆ ಕೆಲಸ. ಉಳಿದವರಲ್ಲಿ ಹೆಚ್ಚಿನವರು ಐವತ್ತು ದಾಟಿದ, ಮಕ್ಕಳು ದೊಡ್ಡವರಾದ ಗೃಹಿಣಿಯರು ಮತ್ತು ನಿವೃತ್ತರು. ಹಾಜರಿ ಮುರಿದುಬಿದ್ದದ್ದು ನಾಲ್ಕನೆಯ ವಾರದಿಂದ. ಬೆಳಿಗ್ಗೆ ಆರರಿಂದ ಏಳು ಎಂದರೆ ನಲ್ಲಿಯಲ್ಲಿ ನೀರು ಹಿಡಿಯುವ, ಮಕ್ಕಳ ಡಬ್ಬಿಗೆ ಚಿತ್ರಾನ್ನವೋ ಚಪಾತಿಯೋ ಆಗಬೇಕಾದ ಹೊತ್ತು. ಮೂರು ವಾರ ಅತ್ತೆಯೋ ಗಂಡನೋ ಹೇಗೋ ನಿಭಾಯಿಸಿರುತ್ತಾರೆ. ನಾಲ್ಕನೆಯ ವಾರ ಆ ಹೊರೆ ಮತ್ತೆ ಅವರ ಹೆಗಲಿಗೇ ಬಂದಿರುತ್ತದೆ. ಇದು ನನ್ನ ಅಂದಾಜು. ಅಂದಾಜಿನ ಮೇಲೆ ಹಣ ಹಾಕಬೇಡಿ, ಹೋಗಿ ಕೇಳಿ.

ಕೇಳುವುದಕ್ಕೂ ಒಂದು ಕ್ರಮವಿದೆ. ಶಿಬಿರ ನಡೆಸಿದವರು ಹೋಗಬಾರದು, ಯೋಗ ಕಲಿಸಿದವರಂತೂ ಬೇಡವೇ ಬೇಡ. ಎದುರಿಗೆ ಅವರಿದ್ದರೆ "ಮೈ ಹುಷಾರಿರಲಿಲ್ಲ ಅಕ್ಕ, ಮುಂದಿನ ಸಲ ಖಂಡಿತ ಬರುತ್ತೇನೆ" ಎಂಬ ಸಂಕೋಚದ ಮಾತಷ್ಟೇ ಸಿಗುತ್ತದೆ. ಬಡಾವಣೆಯ ಆಶಾ ಕಾರ್ಯಕರ್ತೆಯನ್ನೋ ಸಂಘದಲ್ಲಿಲ್ಲದ ಪರಿಚಿತರನ್ನೋ ಕಳಿಸಿ. "ಯಾಕೆ ಬಿಟ್ಟಿರಿ?" ಎಂದು ಕೇಳಿದರೆ ತಪ್ಪು ಹೊರಿಸಿದಂತಾಗುತ್ತದೆ. "ನಿಮಗೆ ಯಾವುದು ಕಷ್ಟವಾಯಿತು, ಏನು ಬದಲಾದರೆ ಬರಲು ಆಗುತ್ತಿತ್ತು?" ಎಂದು ಕೇಳಲಿ. ಮಂಡಿನೋವು, ಮುಟ್ಟಿನ ದಿನಗಳ ತೊಂದರೆ, ಗುಂಪಿನಲ್ಲಿ ಯಾರೋ ಆಡಿದ ಮಾತು, ಉದ್ಯಾನದಲ್ಲಿ ಶೌಚಾಲಯ ಇಲ್ಲದಿರುವುದು, ಇಂಥವೆಲ್ಲ ಹೊರಬರುತ್ತವೆ. ಮೂವತ್ತಾರೂ ಮಂದಿಯನ್ನು ಮಾತನಾಡಿಸಲಾಗದಿದ್ದರೆ ಹತ್ತು ಹನ್ನೆರಡು ಮಂದಿ ಸಾಕು, ಆದರೆ ಬೇರೆಬೇರೆ ಬೀದಿಯವರಾಗಿರಲಿ. ಒಪ್ಪಿದರೆ ಅವರ ತೂಕವನ್ನೂ ಈಗ ನೋಡಲಿ.

ನಿಮ್ಮ ಪುಸ್ತಕದ ಅಂಚಿನ ಟಿಪ್ಪಣಿಗಳಲ್ಲಿ ಇನ್ನೆರಡು ಸಂಗತಿ ಕಂಡವು. ಮೊದಲ ದಿನ ತೂಗಿದ್ದು ಯಾರದೋ ಮನೆಯ ಮುಳ್ಳಿನ ಯಂತ್ರದಲ್ಲಿ, ಸಂಜೆ. ಕೊನೆಯ ದಿನ ತೂಗಿದ್ದು ಔಷಧಿ ಅಂಗಡಿಯಿಂದ ತಂದ ಡಿಜಿಟಲ್ ಯಂತ್ರದಲ್ಲಿ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ. ಒಬ್ಬರೇ ಮನುಷ್ಯರು ಬೆಳಿಗ್ಗೆ ಮತ್ತು ಸಂಜೆ ತೂಗಿದರೆ ಒಂದು ಕೆ.ಜಿ. ವ್ಯತ್ಯಾಸ ಬರುವುದು ಅಪರೂಪವಲ್ಲ. ಯಂತ್ರಗಳ ನಡುವಿನ ವ್ಯತ್ಯಾಸ ಬೇರೆ. ಮುಂದಿನ ಸಲ ಒಂದೇ ಯಂತ್ರ, ಒಂದೇ ಹೊತ್ತು, ಚಪ್ಪಲಿ ಬಿಟ್ಟು, ಹಗುರ ಬಟ್ಟೆಯಲ್ಲಿ. ಗಟ್ಟಿ ನೆಲದ ಮೇಲಿಡಿ, ಹುಲ್ಲಿನ ಮೇಲೆ ಬೇಡ. ಎರಡನೆಯದು, ನೀವು ಶುರು ಮಾಡಿದ್ದು ದೀಪಾವಳಿ ಮುಗಿದ ವಾರ. ಹಬ್ಬದ ಹೋಳಿಗೆ, ಕರಿದ ತಿಂಡಿಗಳಿಂದ ಏರಿದ ತೂಕದಲ್ಲಿ ಸ್ವಲ್ಪ ಭಾಗ ಶಿಬಿರ ಇಲ್ಲದಿದ್ದರೂ ಇಳಿಯುತ್ತಿತ್ತು.

ಹಾಗಾದರೆ ಶಿಬಿರದಿಂದಲೇ ಎಷ್ಟು ಇಳಿಯಿತು ಎಂದು ತಿಳಿಯುವುದು ಹೇಗೆ? ಶಿಬಿರಕ್ಕೆ ಬಾರದ ಒಂದು ಗುಂಪಿನ ಜೊತೆ ಹೋಲಿಸಬೇಕು. ಇಂಗ್ಲೆಂಡಿನಲ್ಲಿ 1,267 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಒಂದು ಗುಂಪಿಗೆ ಸಣ್ಣ ಸಲಹೆ ಮತ್ತು ಪುಸ್ತಿಕೆ ಮಾತ್ರ, ಇನ್ನೊಂದಕ್ಕೆ 12 ವಾರಗಳ ಸಾಮೂಹಿಕ ಕಾರ್ಯಕ್ರಮ, ಮೂರನೆಯದಕ್ಕೆ ಅದೇ ಕಾರ್ಯಕ್ರಮ 52 ವಾರ. ವರ್ಷದ ಕೊನೆಗೆ ಪುಸ್ತಿಕೆಯ ಗುಂಪೂ ಸರಾಸರಿ 3.26 ಕೆ.ಜಿ. ಇಳಿದಿತ್ತು! 12 ವಾರದವರು 4.75, ವರ್ಷಪೂರ್ತಿ ಹೋದವರು 6.76. ಹೋಲಿಕೆಯ ಗುಂಪು ಇಲ್ಲದಿದ್ದರೆ 4.75 ಪೂರ್ತಿ ಕಾರ್ಯಕ್ರಮದ ಸಾಧನೆ ಎಂದು ಎಲ್ಲರೂ ನಂಬುತ್ತಿದ್ದರು. ಎರಡು ವರ್ಷದ ಹೊತ್ತಿಗೆ ಮೂರೂ ಗುಂಪಿನವರ ತೂಕ ಸ್ವಲ್ಪ ಮರಳಿತ್ತು: 2.30, 3.00, 4.29. ಹೆಚ್ಚು ಕಾಲ ಜೊತೆಗಿದ್ದ ಕಾರ್ಯಕ್ರಮದ ಲಾಭವೇ ಹೆಚ್ಚು ಉಳಿದಿತ್ತು.

ಬಡಾವಣೆಯ ಸಂಘ ಇದನ್ನೆಲ್ಲ ಮಾಡಲಾದೀತೇ ಎಂದು ಅಂಜಬೇಡಿ. ಮುಂದಿನ ಸಲ ಜಾಗಕ್ಕಿಂತ ಹೆಚ್ಚು ಮಂದಿ ಹೆಸರು ಕೊಟ್ಟರೆ ಎಲ್ಲರನ್ನೂ ಒಂದೇ ದಿನ ತೂಗಿ, ಚೀಟಿ ಎತ್ತಿ. ಅರ್ಧ ಮಂದಿ ಈಗ, ಉಳಿದರ್ಧ ಮೂರು ತಿಂಗಳ ನಂತರ. ಕಾಯುತ್ತಿರುವವರಿಗೆ ಆಹಾರದ ಒಂದು ಕರಪತ್ರ ಕೊಡಿ, ಮೂರು ತಿಂಗಳಾದಾಗ ಎರಡೂ ಗುಂಪನ್ನು ತೂಗಿ. ಯಾರಿಗೂ ಅನ್ಯಾಯವಿಲ್ಲ, ಹೋಲಿಕೆಯೂ ಸಿಗುತ್ತದೆ. ಸ್ಕಾಟ್ಲೆಂಡಿನಲ್ಲಿ ಫುಟ್‌ಬಾಲ್ ಅಭಿಮಾನಿ ಗಂಡಸರಿಗಾಗಿ 13 ವೃತ್ತಿಪರ ಕ್ಲಬ್‌ಗಳ ಮೈದಾನದಲ್ಲಿ ಇಂಥದೇ ಕ್ರಮದಲ್ಲಿ ಕಾರ್ಯಕ್ರಮ ನಡೆಯಿತು. 747 ಮಂದಿಯಲ್ಲಿ ಅರ್ಧದಷ್ಟು ಮೊದಲು ಸೇರಿದರು, ಉಳಿದವರು ಒಂದು ವರ್ಷ ಕಾದರು. ವರ್ಷದ ಕೊನೆಗೆ ಎರಡು ಗುಂಪಿನ ನಡುವೆ 4.94 ಕೆ.ಜಿ. ವ್ಯತ್ಯಾಸ ಬಂತು. ನನಗೆ ಆ ಅಂಕಿಗಿಂತ ದೊಡ್ಡದಾಗಿ ಕಂಡದ್ದು, ವರ್ಷ ಕಳೆದ ಮೇಲೂ ಹತ್ತರಲ್ಲಿ ಒಂಬತ್ತು ಮಂದಿಯನ್ನು ಅವರು ಮತ್ತೆ ಹುಡುಕಿ ತೂಗಿದ್ದು. ತೂಕದ ಕ್ಲಾಸು ಎಂದರೆ ಹತ್ತಿರ ಸುಳಿಯದ ಗಂಡಸರು ತಮ್ಮ ತಂಡದ ಮೈದಾನ ಎಂದಾಗ ಬಂದಿದ್ದರು.

ತೂಕವೊಂದನ್ನೇ ನೋಡಬೇಡಿ ಎಂಬುದಕ್ಕೆ ನಮ್ಮ ನೆರೆಯಲ್ಲೇ ಸಾಕ್ಷಿಯಿದೆ. 2006ರಲ್ಲಿ ಪ್ರಕಟವಾದ ಚೆನ್ನೈನ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಮಂದಿಯನ್ನು ಮೂರು ವರ್ಷ ಗಮನಿಸಿದರು. ಸಾಮಾನ್ಯ ಸಲಹೆಯಷ್ಟೇ ಪಡೆದವರಲ್ಲಿ ಶೇ 55 ಮಂದಿಗೆ ಕಾಯಿಲೆ ಬಂತು. ಊಟ ಮತ್ತು ನಡಿಗೆ ಬದಲಿಸಿದವರಲ್ಲಿ ಶೇ 39. ಅವರ ತೂಕ ಮಾತ್ರ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತೂಕದ ಸಾಲನ್ನಷ್ಟೇ ನೋಡಿ ತೀರ್ಪು ಕೊಟ್ಟಿದ್ದರೆ ಆ ಕಾರ್ಯಕ್ರಮವನ್ನು ಸೋತದ್ದೆಂದು ಮುಚ್ಚಿಬಿಡುತ್ತಿದ್ದರು. ಆದ್ದರಿಂದ ನಿಮ್ಮ ಪುಸ್ತಕಕ್ಕೆ ಸೊಂಟದ ಸುತ್ತಳತೆ ಮತ್ತು ಬಿ.ಪಿ. ಎಂಬ ಎರಡು ಸಾಲು ಸೇರಿಸಿ. ದರ್ಜಿಯ ಟೇಪು ಸಾಕು. ಭಾರತೀಯ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಿದರೆ ಎಚ್ಚರಿಕೆ ಬೇಕು. ಬಿ.ಪಿ. ಮತ್ತು ಸಕ್ಕರೆಯನ್ನು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನೋಡಿಸಬಹುದು.

ಖರ್ಚಿನ ಮಾತು ಚಿಕ್ಕದು. 42,000 ರೂಪಾಯಿಯನ್ನು 14ರಿಂದ ಭಾಗಿಸಿದರೆ, ಶೇ 5 ಇಳಿದ ಒಬ್ಬೊಬ್ಬರಿಗೆ 3,000 ರೂಪಾಯಿ. ವಾರ್ಡಿನ ಸದಸ್ಯರಿಗೆ ಈ ಅಂಕಿಯನ್ನು ಮುಚ್ಚಿಡದೆ ಹೇಳಿ, 36ರ ಅಂಕಿಯನ್ನೂ ಹೇಳಿ. ನೆಯ್ಯಾಟ್ಟಿನ್‌ಕರ ತಾಲ್ಲೂಕಿನ 60 ಮತಗಟ್ಟೆ ಪ್ರದೇಶಗಳಲ್ಲಿ, ಊರಿನವರೇ ಮುಂದಾಳುಗಳಾಗಿ ನಡೆಸಿದ, ಸಕ್ಕರೆ ಕಾಯಿಲೆ ತಡೆಯುವ ಕಾರ್ಯಕ್ರಮವನ್ನು ಅಳೆದ ಕೇರಳದ ಅಧ್ಯಯನವನ್ನು ನೋಡಿ. ಎರಡು ವರ್ಷದ ಬಳಿಕ ಸಕ್ಕರೆ ಕಾಯಿಲೆ ಬಂದವರು ಕಾರ್ಯಕ್ರಮದ ಗುಂಪಿನಲ್ಲಿ ಶೇ 14.9, ಹೋಲಿಕೆಯ ಗುಂಪಿನಲ್ಲಿ ಶೇ 17.1. ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣದು ಎಂದು 2018ರಲ್ಲಿ ಅವರೇ ಪ್ರಕಟಿಸಿದರು. ಹಣ್ಣು ತರಕಾರಿ ತಿನ್ನುವುದು ಹೆಚ್ಚಿತು, ಮದ್ಯ ಸೇವನೆ ತಗ್ಗಿತು ಎಂಬುದನ್ನೂ ಬರೆದರು. ಆಗದ್ದನ್ನು ಆಗಲಿಲ್ಲ ಎಂದು ಬರೆದದ್ದರಿಂದ ಅವರ ಉಳಿದ ಮಾತನ್ನು ನಾನು ನಂಬುತ್ತೇನೆ.

ಹಣ ಬಂದರೆ ಸಂಜೆಯ ಒಂದು ತಂಡವನ್ನೂ ಶುರು ಮಾಡಿ. ಹನ್ನೆರಡು ವಾರ ಮುಗಿದ ಮೇಲೆ ತಿಂಗಳಿಗೊಮ್ಮೆಯಾದರೂ ಸೇರಿ. ವರ್ಷ ತುಂಬಿದಾಗ ಅರವತ್ತೂ ಮಂದಿಯನ್ನು ಕರೆದು ತೂಗಿ, ಬಾರದವರ ಮನೆಗೆ ಯಂತ್ರ ಹೊತ್ತುಕೊಂಡು ಹೋಗಿ. ಆ ದಿನದ ಪುಟವನ್ನೂ ನನಗೆ ಕಳಿಸಿ.

ಪ್ರಶ್ನೆ: ನನಗೆ 34 ವರ್ಷ. ತೂಕ 92 ಕೆ.ಜಿ. ಒಂದು ಶಿಬಿರಕ್ಕೆ ಸೇರಿದ್ದೆ. ಎರಡನೆಯ ವಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೂಕವನ್ನು ಮೈಕಿನಲ್ಲಿ ಓದಿದರು. ನನ್ನದು ಏರಿತ್ತು. "ಮನೆಯಲ್ಲಿ ಕದ್ದು ತಿನ್ನುತ್ತೀರಾ?" ಎಂದರು, ಜನ ನಕ್ಕರು. ಮತ್ತೆ ಹೋಗಲಿಲ್ಲ. ಆಸ್ಪತ್ರೆಗೆ ಹೋಗಲೂ ಮನಸ್ಸಾಗುತ್ತಿಲ್ಲ. ನನಗೆ ಶಿಸ್ತಿಲ್ಲ ಎಂದು ಮನೆಯವರು ಹೇಳುತ್ತಾರೆ.
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ತಂಗಿ, ನಿಮ್ಮ ಪತ್ರ ಓದಿ ನನಗೆ ಸಿಟ್ಟು ಬಂತು, ನಿಮ್ಮ ಮೇಲಲ್ಲ. ಒಬ್ಬರ ತೂಕ ಎಂದರೆ ಅವರ ರಕ್ತಪರೀಕ್ಷೆಯ ವರದಿಯಷ್ಟೇ ಖಾಸಗಿ. ಅದನ್ನು ಮೈಕಿನಲ್ಲಿ ಓದುವ ಹಕ್ಕು ಯಾರಿಗೂ ಇಲ್ಲ. ಮೇಲಿನ ಪ್ರಶ್ನೆಯಲ್ಲಿ ಬಿಟ್ಟುಹೋದ ಮೂವತ್ತಾರು ಮಂದಿಯ ಬಗ್ಗೆ ಅಷ್ಟು ಬರೆದೆನಲ್ಲ, ನಿಮ್ಮಂಥವರ ನೆನಪಿನಲ್ಲೇ ಬರೆದದ್ದು. ಆ ಶಿಬಿರದವರ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ "ಗೈರು" ಎಂದಷ್ಟೇ ಇರುತ್ತದೆ. ಗೈರಾಗುವಂತೆ ಮಾಡಿದ್ದು ಯಾರು ಎಂದು ಅದರಲ್ಲಿ ಇರುವುದಿಲ್ಲ.

ಎರಡು ವಾರದ ಏರಿಳಿತದಿಂದ ಏನೂ ತಿಳಿಯುವುದಿಲ್ಲ. ಮುಟ್ಟಿನ ಮುಂಚಿನ ದಿನಗಳಲ್ಲಿ ಮೈಯಲ್ಲಿ ನೀರು ನಿಂತೂ ತೂಕ ಏರುತ್ತದೆ. ಥೈರಾಯ್ಡ್ ಕೊರತೆ, ಪಿ.ಸಿ.ಓ.ಎಸ್. (ಮುಟ್ಟು ಕ್ರಮ ತಪ್ಪಿಸುವ ಹಾರ್ಮೋನಿನ ತೊಂದರೆ), ಸ್ಟಿರಾಯ್ಡ್ ಮಾತ್ರೆ, ಇನ್ಸುಲಿನ್, ಮನೋರೋಗಕ್ಕೆ ಕೊಡುವ ಕೆಲವು ಮಾತ್ರೆಗಳು ಇವೆಲ್ಲ ತೂಕಕ್ಕೆ ಸಂಬಂಧಿಸಿದವು. ಮುಟ್ಟು ಕ್ರಮ ತಪ್ಪುತ್ತಿದೆಯೇ, ಜೋರಾದ ಗೊರಕೆ, ಹಗಲಲ್ಲಿ ತೂಕಡಿಕೆ ಇದೆಯೇ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ. ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಮೊದಲ ಭೇಟಿಯಲ್ಲಿ ತೂಗುವುದು ಬೇಡವೆನಿಸಿದರೆ "ಇವತ್ತು ಬಿ.ಪಿ., ಸಕ್ಕರೆ, ಥೈರಾಯ್ಡ್ ನೋಡಿ, ತೂಕ ಮುಂದಿನ ಸಲ" ಎಂದು ಹೇಳಬಹುದು. ಅದಕ್ಕೆ ಒಪ್ಪುವ ವೈದ್ಯರು ಇದ್ದಾರೆ.

ನಿಮಗೆ 92 ಕೆ.ಜಿ.ಗೆ ಶೇ 5 ಎಂದರೆ 4.6 ಕೆ.ಜಿ. ಅರವತ್ತಕ್ಕೆ ಇಳಿಯಬೇಕು ಎಂದು ಯಾರೇ ಹೇಳಲಿ, ಮೊದಲ ಗುರಿ ಅಷ್ಟೇ.

ಮುಂದೆ ಯಾವುದಾದರೂ ಶಿಬಿರ ಸೇರಬೇಕೆನಿಸಿದರೆ ಹಣ ಕೊಡುವ ಮೊದಲು ನೀವೇ ಅವರನ್ನು ಪರೀಕ್ಷಿಸಿ. ಕಳೆದ ಸಲ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಮುಗಿಸಿದರು? ತೂಕವನ್ನು ಪರದೆಯ ಹಿಂದೆ ನೋಡುತ್ತೀರಾ? ನಾನು ಎರಡು ವಾರ ಬಾರದಿದ್ದರೆ ಯಾರು ವಿಚಾರಿಸುತ್ತಾರೆ? ಪುಡಿ, ಶೇಕ್ ಡಬ್ಬಿ ಕೊಳ್ಳಲೇಬೇಕೇ? ಕೊನೆಯದಕ್ಕೆ ಹೌದು ಎಂದರೆ ಅಲ್ಲಿಂದ ಎದ್ದು ಬನ್ನಿ. ಡಬ್ಬಿ ಮಾರುವವರು ಗೋಡೆಗೆ ಹಚ್ಚುವ ಮೊದಲು-ಆಮೇಲೆ ಚಿತ್ರಗಳಲ್ಲಿ ಉಳಿದವರಷ್ಟೇ ಇರುತ್ತಾರೆ. ಮನೆಯವರಿಗೆ ಈ ಉತ್ತರವನ್ನು ಓದಿಸಿ. ಶಿಸ್ತು ಇಲ್ಲದವರು ನಾಚಿಕೆ ನುಂಗಿ ಶಿಬಿರಕ್ಕೆ ಹೆಸರು ಕೊಡುವುದಿಲ್ಲ.

ಪ್ರಶ್ನೆ: ನಾನು ಲೆಸ್ಟರ್‌ನಲ್ಲಿದ್ದೇನೆ. ವಯಸ್ಸು 51, ಸಕ್ಕರೆ ಕಾಯಿಲೆ ಇದೆ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 28. ಬೆಂಗಳೂರಿಗೆ ಬಂದಾಗ ಬೊಜ್ಜು ಎಂದರು, ಇಲ್ಲಿನ ಪಟ್ಟಿಯಲ್ಲಿ ಬರೀ ಅಧಿಕ ತೂಕ ಎಂದಿದೆ. ಈಗ ಇಲ್ಲಿನ ವೈದ್ಯರು ಮೊಬೈಲಿನಲ್ಲಿ ನಡೆಯುವ ಹನ್ನೆರಡು ವಾರಗಳ ಕಾರ್ಯಕ್ರಮಕ್ಕೆ ಸೇರಿಸಿದ್ದಾರೆ. ಅದರಲ್ಲಿ ಮುದ್ದೆ, ಬಸ್ಸಾರು ಯಾವುದೂ ಇಲ್ಲ. ಇದರಿಂದ ಪ್ರಯೋಜನವಿದೆಯೇ?
— ಒಬ್ಬ ಓದುಗ, ಇಂಗ್ಲೆಂಡ್

ಉತ್ತರ: ಸಾಮಾನ್ಯ ಪಟ್ಟಿಯಲ್ಲಿ 30 ದಾಟಿದರೆ ಬೊಜ್ಜು. ನಮ್ಮ ಮೈಯಲ್ಲಿ ಅದೇ ಬಿಎಂಐಗೆ ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚು, ಸಕ್ಕರೆ ಕಾಯಿಲೆಯೂ ಬೇಗ ಬರುತ್ತದೆ. ಅದಕ್ಕಾಗಿ ಭಾರತದಲ್ಲಿ 25ಕ್ಕೇ ಬೊಜ್ಜು ಎನ್ನುತ್ತೇವೆ. ಇಂಗ್ಲೆಂಡಿನಲ್ಲೂ ದಕ್ಷಿಣ ಏಷ್ಯಾದ ಮೂಲದವರಿಗೆ ಗೆರೆಯನ್ನು 27.5ಕ್ಕೆ ಇಳಿಸಿದ್ದಾರೆ. ನಿಮ್ಮನ್ನು ಸೇರಿಸಿದ್ದು ಆ ಗೆರೆಯ ಪ್ರಕಾರವೇ ಇರಬೇಕು. ಸಾಮಾನ್ಯ ಪಟ್ಟಿಯನ್ನು ನೋಡಿ ನಿಶ್ಚಿಂತರಾಗಬೇಡಿ.

ಪ್ರಯೋಜನವಿದೆ, ಸೇರಿ. ಮುದ್ದೆ ಇಲ್ಲ ಎಂದು ಆ್ಯಪ್ ಬಿಡಬೇಡಿ. ಮುದ್ದೆಯ ರಾಗಿಹಿಟ್ಟನ್ನು ಕಲಸುವ ಮೊದಲು ತೂಗಿ, ಗ್ರಾಂ ಲೆಕ್ಕದಲ್ಲಿ ಬರೆಯಿರಿ. ಬಸ್ಸಾರಿಗೆ ಹಾಕಿದ ಕಾಳು, ಎಣ್ಣೆ, ತೆಂಗಿನಕಾಯಿಯನ್ನು ಬೇರೆಬೇರೆಯಾಗಿ ಬರೆಯಿರಿ. ಕೊನೆಯಲ್ಲಿ ಅಭಿಪ್ರಾಯ ಕೇಳುವ ನಮೂನೆ ಬಂದರೆ "ನಮ್ಮ ಊಟ ಇದರಲ್ಲಿ ಇಲ್ಲ" ಎಂದು ಖಂಡಿತ ಬರೆಯಿರಿ. ಸುಮ್ಮನೆ ಬಿಟ್ಟುಹೋದರೆ ಅವರಿಗೆ ಕಾರಣ ತಿಳಿಯುವುದೇ ಇಲ್ಲ.

ಒಂದು ಎಚ್ಚರಿಕೆ. ಗ್ಲಿಕ್ಲಜೈಡ್, ಗ್ಲಿಮಿಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಊಟ ಕಡಿಮೆ ಮಾಡುವ ಮೊದಲೇ ವೈದ್ಯರೊಂದಿಗೆ ಮಾತನಾಡಿ. ಪ್ರಮಾಣ ಬದಲಿಸದಿದ್ದರೆ ಸಕ್ಕರೆ ಥಟ್ಟನೆ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಹನ್ನೆರಡು ವಾರ ಮುಗಿದಾಗ ತೂಕ, ಸೊಂಟದ ಅಳತೆ, ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಮೂರನ್ನೂ ಬರೆದಿಟ್ಟುಕೊಂಡು, ವಾರ್ಷಿಕ ಮಧುಮೇಹ ತಪಾಸಣೆಗೆ ಹೋದಾಗ ಅಂದಿನ ಅಳತೆಯೊಂದಿಗೆ ಹೋಲಿಸಿ ತೋರಿಸಲು ವೈದ್ಯರನ್ನು ಕೇಳಿ.